ಸೈಕಲ್ಲಿನಿಂದ ಬಿದ್ದವಳು ಎದ್ದು ನಿಂತದ್ದು

1975ರಲ್ಲಿ ಜಪಾನಿನ ‘ಶೋಜೊ ಫ್ರೆಂಡ್’ ಪತ್ರಿಕೆಯ ಮಾಂಗಾ ಪುಟಗಳಲ್ಲಿ 17 ವರ್ಷದ ಹುಡುಗಿಯೊಬ್ಬಳು ಶಾಲೆಗೆ ಹೋಗುತ್ತ ಸೈಕಲ್ಲಿನಿಂದ ಬಿದ್ದಳು. ಅದನ್ನು ಕಂಡ ಸೇನೆಯ ಯುವ ಅಧಿಕಾರಿಯೊಬ್ಬ ನಗು ತಡೆಯಲಾರದೆ ಹೋದ. ಹುಡುಗಿ ನಾಚಿ ತಲೆತಗ್ಗಿಸಲಿಲ್ಲ, ಅವನ ಮೇಲೆಯೇ ರೇಗಿದಳು. ಹುಡುಗಿಯ ಹೆಸರು ಬೆನಿಯೊ ಹನಮುರಾ, ನಕ್ಕವನು ಶಿನೊಬು ಇಜುಯಿನ್, ಬರೆದವರು ವಾಕಿ ಯಮಾತೊ, ಕತೆ ‘ಹೈಕಾರಾ-ಸಾನ್ ಗ ತೋರು’. ಶಾಲೆಯ ಹುಡುಗಿಯ ಪ್ರೇಮಕತೆಯಲ್ಲಿ ನಾಯಕಿಯೇ ಹಟ ಹಿಡಿದು ಕತೆಯನ್ನು ಎಳೆದುಕೊಂಡು ಹೋಗುವುದು ಇಂದಿನ ಅನಿಮೆ ನೋಡುಗರಿಗೆ ಹೊಸದಲ್ಲ. ಆದರೆ ಇಂಥವಳು ಎಲ್ಲಿಂದ ಬಂದಳು ಎಂದು ಹುಡುಕಹೊರಟರೆ ಮಾಂಗಾ ಪುಟಗಳನ್ನು ದಾಟಿ, ಮುಕ್ಕಾಲು ಶತಮಾನ ಹಿಂದಿನ ಟೋಕಿಯೊ ಬೀದಿಗೇ ಹೋಗಿ ನಿಲ್ಲಬೇಕಾಗುತ್ತದೆ.

1899ರಲ್ಲಿ ಜಪಾನ್ ಸರ್ಕಾರ ಪ್ರತಿ ಪ್ರಾಂತದಲ್ಲೂ ಹುಡುಗಿಯರಿಗೊಂದು ಪ್ರೌಢಶಾಲೆ ಇರಬೇಕೆಂದು ಆದೇಶ ಹೊರಡಿಸಿತು. ಒಳ್ಳೆಯ ಹೆಂಡತಿಯನ್ನೂ ವಿವೇಕವುಳ್ಳ ತಾಯಿಯನ್ನೂ ತಯಾರು ಮಾಡುವುದು ಅದರ ಗುರಿ. ಗುರಿ ಏನೇ ಇರಲಿ, ಆ ಶಾಲೆಗಳಿಗೆ ಹೋಗಲು ಹುಡುಗಿಯರು ಮನೆಯಿಂದ ಹೊರಗೆ ಕಾಲಿಡಬೇಕಿತ್ತು. ಕಾಲಿಗೆ ತೊಡರುವ ಬಿಗಿ ಕಿಮೊನೊದಲ್ಲಿ ಬೆಂಚಿನ ಮೇಲೆ ಕೂರುವುದೂ ಕಷ್ಟ, ಬೀಸುಗಾಲು ಹಾಕುವುದೂ ಕಷ್ಟ. ಕೆಲವು ಹುಡುಗಿಯರು ಗಂಡಸರ ಅಗಲ ಷರಾಯಿಯಾದ ಹಕಾಮಾ ಉಟ್ಟು ಬೈಸಿಕೊಂಡದ್ದೂ ಆಗಿತ್ತು. ಕೊನೆಗೆ ಶಿಮೊದಾ ಉತಾಕೊ ಅವರಂಥ ಶಿಕ್ಷಕಿಯರು ಲಂಗದ ಹಾಗೆ ನೆರಿಗೆಯಿರುವ, ಕಂದುಗೆಂಪು ಬಣ್ಣದ ಹಕಾಮಾವನ್ನು ಬಳಕೆಗೆ ತಂದರು. ಹುಡುಗಿಯರ ಹೆಜ್ಜೆ ಅಗಲವಾಯಿತು. ಪೇಟೆಯವರು ಅವರಿಗೆ ‘ಎಬಿಚಾ ಷಿಕಿಬು’ ಎಂದು ಅಡ್ಡಹೆಸರಿಟ್ಟರು. ‘ಗೆಂಜಿ’ ಕಾದಂಬರಿ ಬರೆದ ಮುರಾಸಾಕಿ ಷಿಕಿಬುವಿನ ಹೆಸರಿಗೆ ಹಕಾಮಾದ ಬಣ್ಣ ಅಂಟಿಸಿದ ಗೇಲಿ ಅದು. ಅದೇ ‘ಗೆಂಜಿ’ಯನ್ನು 1979ರಿಂದ ಮಾಂಗಾ ರೂಪದಲ್ಲಿ ಬರೆದವರು ಬೆನಿಯೊಳನ್ನು ಸೃಷ್ಟಿಸಿದ ಈ ಯಮಾತೊ ಅವರೇ ಎನ್ನುವುದು ನನಗೆ ಬಲು ಖುಷಿ ಕೊಡುವ ಸಂಗತಿ.

1900ರಲ್ಲಿ ಉಎನೊದ ಟೋಕಿಯೊ ಸಂಗೀತ ಶಾಲೆಗೆ ಒಬ್ಬ ಹುಡುಗಿ ಸೇರಿದಳು. ಹೆಸರು ತಮಾಕಿ. ಶಾಲೆಗೆ ಬರುತ್ತಿದ್ದುದು ಸೈಕಲ್ಲಿನಲ್ಲಿ. ನೋಡಲೆಂದೇ ಜನ ರಸ್ತೆಯಲ್ಲಿ ನಿಲ್ಲುತ್ತಿದ್ದರು, ಪತ್ರಿಕೆಗಳು ಸೈಕಲ್ ಸುಂದರಿ ಎಂದು ಬರೆದವು. ಮುಂದೆ ಮಿಯುರಾ ತಮಾಕಿ ಎಂಬ ಹೆಸರಿನಲ್ಲಿ, 1915ರಲ್ಲಿ ಲಂಡನ್ನಿನ ರಂಗದ ಮೇಲೆ ‘ಮದಾಮ ಬಟರ್‌ಫ್ಲೈ’ ಒಪೆರಾ ಹಾಡಿ ಲೋಕವಿಖ್ಯಾತಳಾದ ಗಾಯಕಿ ಈಕೆಯೇ. ಆದರೆ ಆಗಿನ ಸುದ್ದಿಗೆ ಬೇಕಾದದ್ದು ಅವಳ ಕಂಠವಲ್ಲ, ಸೈಕಲ್ಲು.

1903ರಲ್ಲಿ ‘ಯೊಮಿಯುರಿ’ ಪತ್ರಿಕೆಯಲ್ಲಿ ಕೊಸುಗಿ ತೆಂಗೈ ‘ಮಕಾಜೆ ಕೊಯಿಕಾಜೆ’ ಎಂಬ ಧಾರಾವಾಹಿ ಶುರುಮಾಡಿದ. ಮೊದಲ ದೃಶ್ಯದಲ್ಲೇ ಗಂಟೆ ಬಾರಿಸುತ್ತ ಸೈಕಲ್ಲಿನಲ್ಲಿ ಬರುವ ವಿದ್ಯಾರ್ಥಿನಿ: ಕಂದುಗೆಂಪು ಹಕಾಮಾ, ಕೂದಲಿಗೆ ಬಿಳಿ ರಿಬ್ಬನ್. ಅವಳಿಗೆ ತಮಾಕಿಯೇ ಮಾದರಿ ಎಂಬ ಮಾತೂ ಇದೆ. ಓದುಗರು ಹುಚ್ಚೆದ್ದು ಓದಿದರು. ಆದರೆ ಹತ್ಸುನೊ ಎಂಬ ಆ ನಾಯಕಿಗೆ ಕಾದಿದ್ದದ್ದು ಏನು? ಅಪಘಾತ, ಆಸ್ಪತ್ರೆ, ಹಣದ ಮುಗ್ಗಟ್ಟು, ಸಿಕ್ಕುಸಿಕ್ಕಾದ ಪ್ರೇಮ, ಕೊನೆಗೆ ಬೆರಿಬೆರಿ ಕಾಯಿಲೆಯಿಂದ ಸಾವು. ಓದಿದ ಹುಡುಗಿಯನ್ನು ಕಣ್ತುಂಬ ನೋಡುವ ಆಸೆ ಸಮಾಜಕ್ಕಿತ್ತು. ಅವಳನ್ನು ಬದುಕಗೊಡುವ ಮನಸ್ಸು ಇನ್ನೂ ಬಂದಿರಲಿಲ್ಲ.

ಯಮಾತೊ ಅವರ ಕೈಗೆ ಬರುವ ಹೊತ್ತಿಗೆ ಈ ಹುಡುಗಿ ಎಪ್ಪತ್ತು ವರ್ಷ ಕಾದಿದ್ದಳು. 1948ರಲ್ಲಿ ಸಪ್ಪೊರೊದಲ್ಲಿ ಹುಟ್ಟಿದ ಯಮಾತೊ 1966ರಲ್ಲಿ ಮಾಂಗಾ ಲೋಕಕ್ಕೆ ಬಂದವರು. ಆ ಲೋಕವೂ ಬದಲಾಗುತ್ತಿತ್ತು. 1968ರಲ್ಲಿ ‘ಅಟ್ಯಾಕ್ ನಂಬರ್ ವನ್’ ಎಂಬ ಮಾಂಗಾ ವಾಲಿಬಾಲ್ ಅಂಗಳಕ್ಕೆ ಹುಡುಗಿಯರನ್ನು ಇಳಿಸಿತ್ತು, 1972ರಲ್ಲಿ ಇಕೆದಾ ರಿಯೊಕೊ ಅವರ ಮಾಂಗಾ ನಾಯಕಿ ಆಸ್ಕರ್ ಗಂಡುಡುಗೆ ತೊಟ್ಟು ಕತ್ತಿ ಹಿಡಿದಿದ್ದಳು. ಬೆನಿಯೊ ಗಂಡುಡುಗೆ ತೊಡಲಿಲ್ಲ. ಅದೇ ಹಕಾಮಾ, ದೊಡ್ಡ ರಿಬ್ಬನ್, ಕಾಲಿಗೆ ಬೂಟು, ಅದೇ ಸೈಕಲ್ಲು. ಗೇಲಿಗೆ ಗುರಿಯಾಗಿದ್ದ ಅಷ್ಟನ್ನೂ ತೊಟ್ಟುಕೊಂಡೇ ಬಂದಳು. ಬದಲಾದದ್ದು ಅವಳನ್ನು ನೋಡುವ ಕಣ್ಣು.

ಕತೆ ನಡೆಯುವುದು ತೈಶೊ ಕಾಲದಲ್ಲಿ, 1918ರ ಆಸುಪಾಸಿನಲ್ಲಿ. ಸ್ತ್ರೀವಾದಿ ಹಿರಾತ್ಸುಕಾ ರೈಚೊ ಹೆಂಗಸರ ‘ಸೈತೊ’ ಪತ್ರಿಕೆ ಹೊರಡಿಸಿ ಆಗಲೇ ಕೆಲವು ವರ್ಷ ಕಳೆದಿದ್ದವು. ನನ್ನ ಗಂಡನನ್ನು ನಾನೇ ಆರಿಸುತ್ತೇನೆ ಎನ್ನುವ ಗಾಳಿ ಹುಡುಗಿಯರ ಶಾಲೆಗಳಿಗೂ ಬೀಸಿತ್ತು. ಬೆನಿಯೊ ತಾಯಿಯಿಲ್ಲದೆ, ಸೈನ್ಯಾಧಿಕಾರಿ ತಂದೆಯ ಕೈಯಲ್ಲಿ ಬೆಳೆದವಳು. ಕತ್ತಿವರಸೆ ಬಲ್ಲಳು, ಹೊಲಿಗೆ ಅಡುಗೆ ಬಾರದು, ಸಾಕೆ ಮದ್ಯ ಕುಡಿದರೆ ಹಿಡಿಯುವವರಿಲ್ಲ. ಅವಳ ಅಜ್ಜನೂ ಶಿನೊಬುವಿನ ಅಜ್ಜಿಯೂ ಒಬ್ಬರನ್ನೊಬ್ಬರು ಪ್ರೀತಿಸಿ, ಕಾಲ ಕೂಡಿಬರದೆ ಬೇರಾಗಿ, ಮುಂದಿನವರಾದರೂ ಮದುವೆಯಾಗಲಿ ಎಂದು ಮಾತು ಕೊಟ್ಟುಕೊಂಡಿದ್ದರು. ಆ ಹಳೆಯ ಮಾತು ಬೆನಿಯೊಳ ಕೊರಳಿಗೆ ಬಿತ್ತು. ಅವಳು ಮನೆಬಿಟ್ಟು ಓಡಿ ನೋಡಿದಳು. ಆಗದಿದ್ದಾಗ, ಇಜುಯಿನ್ ಮನೆಯವರೇ ಬೇಡವೆನ್ನಲಿ ಎಂದು ಅವರ ಮನೆಗೇ ಹೋಗಿ ರಂಪ ಎಬ್ಬಿಸಿದಳು.

ನನ್ನ ಮಟ್ಟಿಗೆ ಕತೆಯ ತಿರುಳು ಈ ರಂಪದಲ್ಲಿಲ್ಲ. ಪ್ರೀತಿ ಹುಟ್ಟಿದ ಮೇಲೂ ಹಟ ಕರಗುವುದಿಲ್ಲವಲ್ಲ, ಅಲ್ಲಿದೆ. ಶಿನೊಬುವನ್ನು ಸೈಬೀರಿಯಾದ ರಣರಂಗಕ್ಕೆ ಕಳಿಸುತ್ತಾರೆ, ಸತ್ತನೆಂಬ ಸುದ್ದಿ ಬರುತ್ತದೆ. ಬೇಡವೆಂದಿದ್ದ ಆ ಮನೆಯ ಭಾರವನ್ನು ಬೆನಿಯೊ ತಾನಾಗಿಯೇ ಹೊರುತ್ತಾಳೆ, ಸಂಪಾದನೆಗೆಂದು ಪತ್ರಿಕೆಯೊಂದರಲ್ಲಿ ಕೆಲಸ ಹಿಡಿಯುತ್ತಾಳೆ. ಮದುವೆಗೆ ಒಲ್ಲೆನೆಂದದ್ದೂ ಅವಳ ಮನಸ್ಸೇ, ಉಳಿದುಕೊಳ್ಳುವುದೂ ಅವಳ ಮನಸ್ಸೇ. ಪ್ರೀತಿಸಿದ ಕೂಡಲೇ ನಾಯಕಿಯನ್ನು ಮೆತ್ತಗಾಗಿಸಿಬಿಡುವ ಶಾಲಾ ಪ್ರೇಮಕತೆಗಳು ಇಂದಿಗೂ ಬರುತ್ತಿವೆ, ಅವನ್ನು ನೋಡುವಾಗಲೆಲ್ಲ ನನಗೆ ಬೆನಿಯೊ ನೆನಪಾಗುತ್ತಾಳೆ.

1977ರಲ್ಲಿ ಮಾಂಗಾ ಮುಗಿಯಿತು, ಅದೇ ವರ್ಷ ಮೊತ್ತಮೊದಲ ಕೊಡಾನ್ಷಾ ಮಾಂಗಾ ಪ್ರಶಸ್ತಿಯೂ ಬಂತು. 1978ರ ಜೂನ್‌ನಲ್ಲಿ ನಿಪ್ಪೊನ್ ಅನಿಮೇಷನ್ ಸಂಸ್ಥೆ ಅದನ್ನು ಟಿವಿಗೆ ತಂದಿತು. 42 ಕಂತುಗಳಾದ ಮೇಲೆ, ಮೂಲದ ಕೊನೆ ತಲುಪುವ ಮೊದಲೇ ಸರಣಿ ನಿಂತಿತು. ಸುಮಾರು 40 ವರ್ಷಗಳ ನಂತರ, 2017 ಮತ್ತು 2018ರಲ್ಲಿ, ಎರಡು ಸಿನಿಮಾಗಳು ಬಂದು ಕತೆಯನ್ನು 1923ರ ಮಹಾ ಭೂಕಂಪದವರೆಗೆ ಕೊಂಡೊಯ್ದು ಮುಗಿಸಿದವು. ಹೊಸದಾಗಿ ನೋಡುವವರು ಮೊದಲನೆಯದರ ಲವಲವಿಕೆಗೆ ಮರುಳಾಗಿ ಅಲ್ಲಿಗೇ ನಿಲ್ಲಿಸಬಾರದು. ಕುಸಿದ ಟೋಕಿಯೊದಲ್ಲಿ ಬೆನಿಯೊ ಯಾರನ್ನು ಆರಿಸಿಕೊಂಡಳು ಎಂಬುದು ಎರಡನೆಯದರಲ್ಲೇ ತಿಳಿಯುವುದು.