ಬೆಳಕಿನ ಫೋಟೊಗೆ ಬಿಸಿಲು ತಾಗದಿರಲಿ

ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ನಿಂತ ಅವ್ವನ ಫೋಟೊವನ್ನು ಬೆಳಕು ಹಾಯುವ ಫಿಲ್ಮ್ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಾಲ್‌ನ ಪಶ್ಚಿಮದ ಕಿಟಕಿಗೆ ತೂಗುಹಾಕಿದ್ದೆ. ಸಂಜೆ ಹೊತ್ತು ನದಿ ನೀರು ಬಂಗಾರದಂತೆ ಹೊಳೀತಿತ್ತು. ಬಂದವರೆಲ್ಲ ‘ಎಲ್ಲಿ ಮಾಡಿಸಿದ್ರಿ?’ ಅಂತ ಕೇಳೋರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅವ್ವನ ಹಸಿರು ಇಳಕಲ್ ಸೀರೆ ಬೂದಿ ಬಣ್ಣಕ್ಕೆ ತಿರುಗಿತ್ತು!

ಆಳಂದ, ಅಫಜಲಪುರ, ಜೇವರ್ಗಿಯ ಬೇಸಿಗೆ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಆದರೆ ಕಾವಿಗಿಂತ ಹೆಚ್ಚಾಗಿ ಬಣ್ಣ ತಿನ್ನೋದು ಬಿಸಿಲಿನ ಅತಿನೇರಳೆ ಕಿರಣ. ನೀವೂ ಇಂಥ ಫೋಟೊ ಹಾಕುವುದಿದ್ದರೆ ಇಷ್ಟು ನೆನಪಿಡಿ:

* ಫ್ಲೆಕ್ಸ್ ಅಂಗಡಿಯಲ್ಲಿ ‘ಬ್ಯಾಕ್‌ಲಿಟ್ ಫಿಲ್ಮ್’ ಅಂತ ಕೇಳಿ.

* ನೇರ ಬಿಸಿಲು ಬೀಳದ ಉತ್ತರದ ಕಿಟಕಿ ಒಳ್ಳೆಯದು.

* ಗೋಡೆಗೆ ಹಾಕುವುದಾದರೆ ಫೋಟೊ ಹಿಂದೆ ಹಾಲುಬಿಳುಪಿನ ಅಕ್ರಿಲಿಕ್ ಶೀಟ್, ಅದರ ಹಿಂದೆ ಎಲ್‌ಇಡಿ ಪಟ್ಟಿ ಇರಲಿ. ಹಳೇ ಬಲ್ಬ್ ಬಹಳ ಕಾಯುತ್ತದೆ, ಬೇಡ. ಗಾಳಿಯಾಡಲು ಸಂದು ಬಿಡಿ.

* ಧೂಳನ್ನು ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ.

* ಎಲ್ಲಕ್ಕಿಂತ ಮುಖ್ಯ, ನೆಗೆಟಿವ್ ಅಥವಾ ಮೂಲ ಫೋಟೊವನ್ನು ಸ್ಕ್ಯಾನ್ ಮಾಡಿಸಿ, ತಂಪಾದ ಕತ್ತಲ ಜಾಗದಲ್ಲಿಡಿ. ತೂಗುಹಾಕುವುದು ನಕಲು ಮಾತ್ರ.

ಪುಣ್ಯಕ್ಕೆ ನಮ್ಮನೆ ಪೆಟ್ಟಿಗೆಯಲ್ಲಿ ನೆಗೆಟಿವ್ ಇತ್ತು. ಪ್ರಿಂಟ್ ಮತ್ತೆ ಹಾಕಿಸಿದೆ. ಈಗಿಲ್ಲದ ಅವ್ವನನ್ನು ಮತ್ತೆ ಸಂಗಮದಲ್ಲಿ ನಿಲ್ಲಿಸೋಕೆ ಆಗ್ತಿತ್ತಾ, ಹೇಳಿ?