ಪಂಡೋರಾ: ಒಂದು ಹೆಸರು, ಎರಡು ವಿಗ್ರಹವಾಕ್ಯ

ಕೆದಕಬಾರದ ವಿಷಯವನ್ನು ಯಾರಾದರೂ ಕೆದಕಿದರೆ ‘ಪಂಡೋರಾ ಪೆಟ್ಟಿಗೆ ತೆರೆದಂತಾಯಿತು’ ಎಂದು ಬರೆಯುವುದುಂಟು. ಇಂಗ್ಲಿಷಿನಿಂದ ಬಂದ ಈ ಮಾತು ಕನ್ನಡ ಪತ್ರಿಕೆಗಳಿಗೂ ಹೊಸದಲ್ಲ. ಆದರೆ ಮೂಲ ಗ್ರೀಕ್ ಕಥೆಯಲ್ಲಿ ಪೆಟ್ಟಿಗೆಯೇ ಇಲ್ಲ. ಆ ಹೆಸರಿನಲ್ಲಿ ಕೇಡಿನ ಸುಳಿವೂ ಇಲ್ಲ.

ಹೆಸರನ್ನು ಬಿಡಿಸಿ ನೋಡೋಣ. ಗ್ರೀಕಿನಲ್ಲಿ ‘ಪಾನ್’ ಎಂದರೆ ಎಲ್ಲ, ‘ದೋರೊನ್’ ಎಂದರೆ ಕೊಡುಗೆ. ಇದರ ಧಾತು ಸಂಸ್ಕೃತ ಬಲ್ಲವರಿಗೆ ಪರಿಚಿತವಾದದ್ದೇ. ನಮ್ಮ ‘ದದಾಮಿ’ಯೇ ಗ್ರೀಕಿನ ‘ದಿದೋಮಿ’. ನಮ್ಮ ‘ದಾನ’ಕ್ಕೆ ಲ್ಯಾಟಿನ್ನಿನಲ್ಲಿ ‘ದೋನುಮ್’. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸರು ಈ ಮೂರು ಭಾಷೆಗಳೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದ್ದು ಧಾತು ಮತ್ತು ವ್ಯಾಕರಣರೂಪಗಳ ಇಂಥ ಸಾಮ್ಯವನ್ನು ಕಂಡೇ. ಡೋರಾ, ಡೊರೋತಿ, ಥಿಯೋಡೋರಾ ಮೊದಲಾದ ಹೆಸರುಗಳೆಲ್ಲ ಇದೇ ಬಳ್ಳಿಯವು. ಥಿಯೋಡೋರಾ ಎಂದರೆ ಅರ್ಥದಲ್ಲಿ ನಮ್ಮ ದೇವದತ್ತೆಯೇ ಸರಿ. ಹಾಗೆಂದು ‘ಥಿಯೋಸ್’ ಮತ್ತು ‘ದೇವ’ ಶಬ್ದಗಳಿಗೆ ನಂಟು ಕಟ್ಟಲು ಹೋಗಬಾರದು. ಕಿವಿಗೆ ಹತ್ತಿರವಾದರೂ ಅವುಗಳ ಮೂಲ ಬೇರೆ. ‘ದೇವ’ ಶಬ್ದದ ನಿಜವಾದ ದಾಯಾದಿ ದೇವತೆಗಳ ಅರಸನಾದ ‘ಝ್ಯೂಸ್’.

ಇನ್ನು ಸಮಾಸದ ಮಾತು. ‘ಎಲ್ಲ ಕೊಡುಗೆಗಳೂ ಯಾರಿಗೆ ಉಂಟೋ ಅವಳು’ ಎಂದು ಬಿಡಿಸಿದರೆ ಪಂಡೋರಾ ಪಡೆದವಳಾಗುತ್ತಾಳೆ. ‘ಎಲ್ಲವನ್ನೂ ಕೊಡುವವಳು’ ಎಂದು ಬಿಡಿಸಿದರೆ ದಾತ್ರಿಯಾಗುತ್ತಾಳೆ. ಎರಡಕ್ಕೂ ವ್ಯಾಕರಣದ ಅಡ್ಡಿಯಿಲ್ಲ. ಆದರೆ ಯಾವುದನ್ನು ಹಿಡಿಯುತ್ತೇವೆ ಎಂಬುದರ ಮೇಲೆ ಒಬ್ಬ ಹೆಣ್ಣಿನ ಮಾನವೇ ನಿಂತಿದೆ.

ಕ್ರಿ. ಪೂ. 700ರ ಸುಮಾರಿನಲ್ಲಿದ್ದ ಕವಿ ಹೆಸಿಯಡ್ ಮೊದಲನೆಯ ಅರ್ಥವನ್ನು ಹಿಡಿದ. ಅವನ ‘ಕೃಷಿಕಾರ್ಯಗಳು ಮತ್ತು ದಿನಗಳು’ ಎಂಬ ಕಾವ್ಯದ ಪ್ರಕಾರ, ಪ್ರೊಮೀಥಿಯಸ್ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟನೆಂದು ಝ್ಯೂಸ್ ಕೆರಳಿದ. ಅವನ ಅಪ್ಪಣೆಯಂತೆ ಹಿಫೀಸ್ಟಸ್ ಮಣ್ಣು ನೀರು ಕಲಸಿ ಒಬ್ಬ ಕನ್ನೆಯನ್ನು ರೂಪಿಸಿದ. ದೇವತೆಗಳು ಒಬ್ಬೊಬ್ಬರಾಗಿ ಸಿಂಗರಿಸಿದರು; ಹರ್ಮೀಸ್ ಮಾತನ್ನೂ ವಂಚನೆಯನ್ನೂ ಇಟ್ಟ. ಎಲ್ಲರೂ ಕೊಟ್ಟದ್ದರಿಂದ ಅವಳಿಗೆ ಪಂಡೋರಾ ಎಂಬ ಹೆಸರಾಯಿತು. ಅವಳು ಒಂದು ಪಾತ್ರೆಯ ಮುಚ್ಚಳ ತೆಗೆದಳು. ರೋಗರುಜಿನಗಳು ಲೋಕಕ್ಕೆಲ್ಲ ಹರಡಿದವು. ತೆರೆಯಬಾರದೆಂಬ ನಿಷೇಧವಾಗಲಿ, ತಡೆಯಲಾರದ ಕುತೂಹಲವಾಗಲಿ ಹೆಸಿಯಡನಲ್ಲಿ ಇಲ್ಲ. ಅವು ಆಮೇಲಿನವರು ಸೇರಿಸಿದ ಒಗ್ಗರಣೆ.

ಎರಡನೆಯ ಅರ್ಥಕ್ಕೂ ಸಾಕ್ಷಿಗಳುಂಟು. ಕ್ರಿ. ಪೂ. 414ರಲ್ಲಿ ಆಡಿದ ಅರಿಸ್ಟೋಫನೀಸನ ‘ಹಕ್ಕಿಗಳು’ ನಾಟಕದಲ್ಲಿ ಪಂಡೋರಾಗೆ ಬಿಳಿಯ ಟಗರನ್ನು ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಹಳೆಯ ಟಿಪ್ಪಣಿಕಾರರು ಅಲ್ಲಿ ಪಂಡೋರಾ ಎಂದರೆ ಭೂಮಿ, ಬದುಕಿಗೆ ಬೇಕಾದುದೆಲ್ಲವನ್ನೂ ಕೊಡುವವಳು ಎಂದು ಅರ್ಥ ಹೇಳಿದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕ್ರಿ. ಪೂ. 460ರ ಸುಮಾರಿನ ಒಂದು ಬಟ್ಟಲಿದೆ. ಅಥೀನಾ, ಹಿಫೀಸ್ಟಸ್ ಇಬ್ಬರೂ ಇದೇ ಕನ್ನೆಯನ್ನು ಸಿಂಗರಿಸುವ ಚಿತ್ರ ಅದರ ಮೇಲಿದೆ. ಆದರೆ ಅಲ್ಲಿ ಅವಳಿಗೆ ಬರೆದಿರುವ ಹೆಸರು ‘ಅನೆಸಿದೋರಾ’, ಕೊಡುಗೆಗಳನ್ನು ಕೆಳಗಿನಿಂದ ಮೇಲಕ್ಕೆ ಕಳುಹಿಸುವವಳು. ನೆಲದೊಳಗಿನಿಂದ ಮೊಳಕೆಯನ್ನು ಮೇಲಕ್ಕೆ ಕಳುಹಿಸುವವಳು ಭೂಮಿಯಲ್ಲದೆ ಮತ್ತಾರು? ಧಾನ್ಯದೇವತೆಯಾದ ಡಿಮೀಟರಳಿಗೂ ಈ ಬಿರುದಿತ್ತು. ನಾವು ಭೂಮಿಯನ್ನು ವಸುಂಧರೆ ಎನ್ನುವ ಭಾವವೂ ಇದಕ್ಕೆ ದೂರವಲ್ಲ. ದಾತ್ರಿಯಾಗಿದ್ದ ದೇವತೆಯನ್ನು ಕವಿ ಕೇಡಿನ ಕನ್ನೆಯಾಗಿ ತಿರುಗಿಸಿದನೆಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೆಯೇ ತೋರುತ್ತದೆ. ಪಡೆದವಳಿಗೆ ಯಾರೂ ಟಗರು ಬಲಿ ಕೊಡುವುದಿಲ್ಲ.

ಪೆಟ್ಟಿಗೆ ಬಂದದ್ದು ಹೇಗೆ? ಹೆಸಿಯಡನ ಶಬ್ದ ‘ಪಿಥೊಸ್’. ಅದು ಧಾನ್ಯ, ಎಣ್ಣೆ, ದ್ರಾಕ್ಷಾರಸ ತುಂಬಿಡುವ ಆಳೆತ್ತರದ ಮಣ್ಣಿನ ಪಾತ್ರೆ, ನಮ್ಮ ಗುಡಾಣದ ಜಾತಿಯದು. ಎಷ್ಟೋ ಸಲ ಅರ್ಧ ನೆಲದಲ್ಲಿ ಹೂತಿರುತ್ತಿತ್ತು. 16ನೆಯ ಶತಮಾನದ ಆದಿಯಲ್ಲಿ ಹಾಲೆಂಡಿನ ಮಹಾಪಂಡಿತ ಇರಾಸ್ಮಸ್ ಈ ಕಥೆಯನ್ನು ಲ್ಯಾಟಿನ್ನಿನಲ್ಲಿ ಹೇಳುವಾಗ ‘ಪಿಕ್ಸಿಸ್’ ಎಂದು ಬರೆದ. ಅದು ಕೈಯಲ್ಲಿ ಹಿಡಿಯುವ ಭರಣಿ. ಗುಡಾಣ ಭರಣಿಯಾಯಿತು, ಭರಣಿ ಪೆಟ್ಟಿಗೆಯಾಯಿತು. 1956ರಲ್ಲಿ ಈ ಜಾಡನ್ನು ಹಿಡಿದು ಒಂದು ಗ್ರಂಥವನ್ನೇ ಬರೆದವರು ಡೋರಾ ಮತ್ತು ಎರ್ವಿನ್ ಪನೋಫ್‌ಸ್ಕಿ ದಂಪತಿಗಳು. ಆಕೆಯ ಹೆಸರಿನಲ್ಲೂ ಕೊಡುಗೆಯಿದೆ!

ಗುಡಾಣವೆಂದು ಓದಿದಾಗ ಚಿತ್ರವೇ ಬೇರೆ. ಅದು ಒಡವೆಯ ಡಬ್ಬಿಯಲ್ಲ, ಮನೆಯ ವರ್ಷದ ಗ್ರಾಸ. ಇದೇ ಕಾವ್ಯದಲ್ಲಿ ಹೆಸಿಯಡ್ ಒಕ್ಕಲಿಗನಿಗೆ ಬುದ್ಧಿ ಹೇಳುತ್ತಾನೆ: ಪಾತ್ರೆ ತೆರೆದಾಗಲೂ ತೀರುವಾಗಲೂ ಧಾರಾಳವಾಗಿ ಬಳಸು, ನಡುವೆ ಹಿಡಿತವಿರಲಿ, ತಳ ಕಂಡ ಮೇಲೆ ಉಳಿಸುವುದು ಜಿಪುಣತನ. ಪಂಡೋರಾಳ ಗುಡಾಣದೊಳಗೂ, ಬಾಯಂಚಿನ ಕೆಳಗೆ, ಒಂದು ಉಳಿಯಿತು, ‘ಎಲ್ಪಿಸ್’. ಅದನ್ನು ಆಶೆ ಎನ್ನುವುದು ರೂಢಿ. ಆದರೆ ಗ್ರೀಕಿನಲ್ಲಿ ಅದು ಬರಲಿರುವುದರ ನಿರೀಕ್ಷೆ; ಒಳಿತಿನದೂ ಆಗಬಹುದು, ಕೆಡುಕಿನದೂ ಆಗಬಹುದು. ಕೆಲಸ ಬಿಟ್ಟು ಕುಳಿತ ಬಡವನಿಗೆ ಎಲ್ಪಿಸ್ ಒಳ್ಳೆಯ ಜೊತೆಯಲ್ಲವೆಂದು ಇದೇ ಕವಿ ಮುಂದೆ ಹೇಳುತ್ತಾನೆ. ಹಾಗಾದರೆ ಅದು ಗುಡಾಣದಲ್ಲಿ ಉಳಿದದ್ದು ಮನುಷ್ಯರ ಪಾಲಿಗೆಂದೋ, ಅವರ ಕೈಗೆ ಸಿಗಬಾರದೆಂದೋ? ಮುಚ್ಚಳ ಬಿದ್ದದ್ದು ಝ್ಯೂಸನ ಇಚ್ಛೆಯಿಂದ ಎಂದಷ್ಟೇ ಹೇಳಿ ಹೆಸಿಯಡ್ ಮುಂದಕ್ಕೆ ಹೋಗಿಬಿಡುತ್ತಾನೆ.