ಕಾಲೇಜಿನ ಸಂಗೀತ ಪತ್ರಿಕೆ: ಕಂಪ್ಯೂಟರ್ ಮುಂದೆ ಕೂರುವ ಮೊದಲು ಏನೇನು ನಿರ್ಧರಿಸಬೇಕು?

ಕಾಲೇಜಿನ ಒಂದಷ್ಟು ಗೆಳೆಯರು ಸೇರಿ ಸಂಗೀತಕ್ಕೇ ಮೀಸಲಾದ ಒಂದು ಪತ್ರಿಕೆ ತರಬೇಕು ಅಂತ ಹೊರಟರೆ, ಅದರ ವಿನ್ಯಾಸವನ್ನ, ಶೈಲಿಯನ್ನ ಹೇಗೆ ಯೋಜಿಸಬೇಕು? ಇದು ಇವತ್ತಿನ ವಿಷಯ. ಇದನ್ನ ನಾನು ಪುಸ್ತಕ ಓದಿ ಹೇಳ್ತಾ ಇಲ್ಲ. ಒಮ್ಮೆ ಸರಿಯಾಗಿ ಎಡವಿದ್ದೀನಿ, ಆ ಅನುಭವದಿಂದ ಹೇಳ್ತಾ ಇದ್ದೀನಿ.

ನಾನು ಓದಿದ್ದು ಧಾರವಾಡದಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇದ್ದ ಊರು ಅದು. ಪಕ್ಕದ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್. ಇಂಥ ಕಡೆ ಸಂಗೀತದ ಬಗ್ಗೆ ಬರೆಯೋಕೆ ವಿಷಯಕ್ಕೇನು ಬರ? ನಾವು ಆರು ಜನ ಸೇರಿ ಕಾಲೇಜಿನಿಂದ ಒಂದು ಪತ್ರಿಕೆ ಮಾಡಿದ್ವಿ. ಮೊದಲ ಸಂಚಿಕೆಯ ಮುಖಪುಟ ಲೇಖನ, ಐವತ್ತು ವರ್ಷ ತಬಲಾ ಸಾಥ್ ಕೊಟ್ಟ ಒಬ್ಬ ಹಿರಿಯರ ಸಂದರ್ಶನ. ವೇದಿಕೆಯಲ್ಲಿ ಯಾವತ್ತೂ ಪಕ್ಕದಲ್ಲೇ ಕೂತವರು. ಅವರ ಬಗ್ಗೆ ಯಾರೂ ಬರೆದಿರಲಿಲ್ಲ.

ಪತ್ರಿಕೆ ಅಚ್ಚಾಗಿ ಬಂದ ದಿನವೇ ಅವರ ಮನೆಗೆ ಹೋದ್ವಿ. ಅವರು ಪತ್ರಿಕೆಯನ್ನ ಕೈಯಳತೆ ದೂರ ಹಿಡಿದರು. ಕಿಟಕಿ ಕಡೆ ತಿರುಗಿಸಿದರು. ಆಮೇಲೆ ಮೊಮ್ಮಗಳ ಕೈಗೆ ಕೊಟ್ಟು, ‘ನೀನs ಓದವಾ, ನನಗ ಕಾಣವಲ್ದು’ ಅಂದರು. ಮೊಮ್ಮಗಳೂ ಎರಡನೇ ಸಾಲಿಗೇ ತಡವರಿಸಿದಳು. ಕಪ್ಪು ಹಿನ್ನೆಲೆ, ಅದರ ಮೇಲೆ ಸಣ್ಣ ಬಿಳಿ ಅಕ್ಷರ. ಸಾಲುಗಳು ಒತ್ತೊತ್ತಾಗಿದ್ದವು. ದೊಡ್ಡ ಅಕ್ಷರದಲ್ಲಿ ಹಾಕಿದ್ದ ಅವರ ಗುರುಗಳ ಹೆಸರಿನಲ್ಲಿ ಒತ್ತಕ್ಷರವೇ ಕತ್ತರಿಸಿಹೋಗಿತ್ತು. ಅವರು ಬೈಯಲಿಲ್ಲ, ಚಹಾ ಕೊಟ್ಟು ಕಳಿಸಿದರು. ಬೈದಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ತಪ್ಪು ಆಗಿದ್ದೆಲ್ಲಿ? ನಾವು ವಿನ್ಯಾಸವನ್ನ ‘ಹೇಗೆ ಕಾಣಬೇಕು’ ಅನ್ನೋದರಿಂದ ಶುರು ಮಾಡಿದ್ವಿ. ಯಾರು ಓದ್ತಾರೆ ಅಂತ ಯಾರೂ ಕೇಳಲಿಲ್ಲ. ಇಂಗ್ಲಿಷಿನ ರಾಕ್ ಪತ್ರಿಕೆಗಳ ಪುಟಗಳನ್ನ ಎದುರಿಗಿಟ್ಟುಕೊಂಡು ಅದೇ ಥರ ಮಾಡೋಕೆ ಹೋದ್ವಿ.

ಆ ಪತ್ರಿಕೆಗಳ ಚರಿತ್ರೆ ನೋಡಿದ್ರೂ ಪಾಠ ಬೇರೆಯೇ ಇದೆ. ‘ರೋಲಿಂಗ್ ಸ್ಟೋನ್’ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ಅದು ಹೊಳೆಯುವ ಕಾಗದದ ಪತ್ರಿಕೆ ಆಗಿರಲಿಲ್ಲ, ನ್ಯೂಸ್‌ಪ್ರಿಂಟ್‌ನಲ್ಲಿ ಅಚ್ಚಾಗ್ತಿತ್ತು. 1976ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಅನ್ನೋ ಹುಡುಗ ‘ಸ್ನಿಫಿನ್ ಗ್ಲೂ’ ಅನ್ನೋ ಪಂಕ್ ಪತ್ರಿಕೆ ತಂದ. ಟೈಪ್‌ರೈಟರಿನಲ್ಲಿ ಬರೆದು, ಶೀರ್ಷಿಕೆಗಳನ್ನ ಸ್ಕೆಚ್ ಪೆನ್ನಿನಲ್ಲಿ ಗೀಚಿ, ಜೆರಾಕ್ಸ್ ಮಾಡಿ ಹಂಚಿದ್ದು. ಕೈಯಲ್ಲಿ ಏನಿತ್ತೋ ಅದೇ ಅವನ ಶೈಲಿಯಾಯ್ತು. ಆ ಸಂಗೀತಕ್ಕೂ ಅದೇ ಒಪ್ಪುತ್ತಿತ್ತು. ಇನ್ನೊಂದು ತುದಿಯಲ್ಲಿ ಅಮೆರಿಕದ ‘ರೇ ಗನ್’. ಅದರ ವಿನ್ಯಾಸಕಾರ ಡೇವಿಡ್ ಕಾರ್ಸನ್ 1994ರಲ್ಲಿ ಗಾಯಕ ಬ್ರಯನ್ ಫೆರಿ ಅವರ ಸಂದರ್ಶನ ಸಪ್ಪೆಯಾಗಿದೆ ಅಂತ, ಅದನ್ನ ಬರೀ ಚಿಹ್ನೆಗಳಿರುವ ಫಾಂಟ್‌ನಲ್ಲಿ ಹಾಕಿಬಿಟ್ಟರು. ಒಂದಕ್ಷರವೂ ಓದೋಕಾಗಲ್ಲ! ಅದು ಬೇಕಂತಲೇ ಮಾಡಿದ್ದು. ನಮ್ಮದು ಗೊತ್ತಿಲ್ಲದೆ ಆಗಿದ್ದು.

ಹಾಗಾದ್ರೆ ಯಾವ ಕ್ರಮದಲ್ಲಿ ಯೋಜಿಸಬೇಕು? ಮೊದಲು ಓದುಗ. ‘ಸಂಗೀತಪ್ರಿಯರು’ ಅಂದ್ರೆ ಸಾಲದು. ಮೂರು ಜನರನ್ನ ಮನಸ್ಸಿನಲ್ಲಿಟ್ಟುಕೊಳ್ಳಿ. ಹಾಸ್ಟೆಲ್ಲಿನಲ್ಲಿ ಕನ್ನಡ ರ‍್ಯಾಪ್ ಕೇಳೋ ಹುಡುಗ, ಸಂಗೀತ ಶಾಲೆಗೆ ಹೋಗೋ ಹುಡುಗಿ, ಮತ್ತೆ ನೀವು ಯಾರ ಬಗ್ಗೆ ಬರೀತೀರೋ ಆ ಕಲಾವಿದರು. ಈ ಮೂರನೆಯವರನ್ನ ಎಲ್ಲರೂ ಮರೀತಾರೆ. ನಾವೂ ಮರೆತಿದ್ವಿ.

ಎರಡನೆಯದು ಗಾತ್ರ ಮತ್ತು ಪುಟ. ನಡುವೆ ಪಿನ್ ಹೊಡೆಯುವ ಪತ್ರಿಕೆಗೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು: 16, 20, 24. ಒಂದು ಹಾಳೆ ಮಡಿಸಿದ್ರೆ ನಾಲ್ಕು ಪುಟ, ಅದಕ್ಕೆ. ಎ4 ಹಾಳೆ ಮಡಿಸಿದ್ರೆ 148 ಗುಣಿಸು 210 ಮಿಲಿಮೀಟರಿನ ಎ5 ಪತ್ರಿಕೆ ಆಗುತ್ತೆ. ವಿದ್ಯಾರ್ಥಿಗಳ ಜೇಬಿಗೆ ಇದೇ ಸರಿ. ಕಂಪ್ಯೂಟರ್ ಮುಟ್ಟೋ ಮೊದಲು ಖಾಲಿ ಹಾಳೆ ಮಡಿಸಿ ಒಂದು ಡಮ್ಮಿ ಮಾಡಿ. ಪ್ರತಿ ಪುಟದ ಮೇಲೆ ಪೆನ್ಸಿಲಿನಲ್ಲಿ ಬರೀರಿ: ಇಲ್ಲಿ ಸಂದರ್ಶನ, ಇಲ್ಲಿ ಚಿತ್ರ, ಇಲ್ಲಿ ಜಾಹೀರಾತು. ಸಂದರ್ಶನ ಅಂದ್ರೆ ಮಂದಗತಿಯ ಆಲಾಪ ಇದ್ದಂಗೆ, ಅದಕ್ಕೆ ಜಾಗ ಬೇಕು. ಸುದ್ದಿ, ವಿಮರ್ಶೆಗಳು ಚಿಕ್ಕ ಪುಟಗಳಲ್ಲಿ ಓಡಬಹುದು. ಅಂಚಿನವರೆಗೆ ಬಣ್ಣ ಅಥವಾ ಚಿತ್ರ ಹೋಗೋದಾದ್ರೆ ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಬಿಡಿ, ಇಲ್ಲದಿದ್ರೆ ಕತ್ತರಿಸಿದಾಗ ಬಿಳಿ ಗೆರೆ ಉಳಿಯುತ್ತೆ.

ಮೂರನೆಯದು ಅಕ್ಷರ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಇಂಗ್ಲಿಷ್ ಪತ್ರಿಕೆಗಳ ಅರ್ಧ ಗತ್ತು ಇರೋದು ಕ್ಯಾಪಿಟಲ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಅದಿಲ್ಲ. ಇಟಾಲಿಕ್ ಮಾಡಿದ್ರೆ ಕನ್ನಡದ ದುಂಡು ಅಕ್ಷರ ಬಿದ್ದುಹೋಗೋ ಹಾಗೆ ಕಾಣುತ್ತೆ. ನಮ್ಮಲ್ಲಿ ಒತ್ತು ಕೊಡೋಕೆ ಉಳಿಯೋದು ಗಾತ್ರ, ದಪ್ಪ, ಬಣ್ಣ, ಖಾಲಿ ಜಾಗ, ಇಷ್ಟೇ. ಜೊತೆಗೆ ನಮ್ಮ ಅಕ್ಷರ ಮೇಲೂ ಬೆಳೆಯುತ್ತೆ, ಕೆಳಗೂ ಬೆಳೆಯುತ್ತೆ. ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆ 10 ಪಾಯಿಂಟ್ ಅಕ್ಷರ, 12 ಪಾಯಿಂಟ್ ಸಾಲಿನ ಅಂತರ ಸಾಕಾಗುತ್ತೆ. ಕನ್ನಡಕ್ಕೆ ನಾವೀಗ 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರ ಇಡ್ತೀವಿ. ಶೀರ್ಷಿಕೆಯ ಕೆಳಗಿನ ಚೌಕಟ್ಟು ಒತ್ತನ್ನ ನುಂಗಿದ್ರೆ ಏನಾಗುತ್ತೆ ಗೊತ್ತಾ? ‘ಸ್ವರ’ ಹೋಗಿ ‘ಸರ’ ಆಗುತ್ತೆ, ‘ಪಲ್ಲವಿ’ ಹೋಗಿ ‘ಪಲವಿ’ ಆಗುತ್ತೆ. ಸಂಗೀತ ಪತ್ರಿಕೆಯಲ್ಲಿ ಸ್ವರವೇ ತಪ್ಪಿದ ಹಾಗೆ.

ತಾಂತ್ರಿಕವಾಗಿ ಎರಡು ಎಚ್ಚರಿಕೆ. ಲೇಖಕರು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿದ್ರೆ, ಅದನ್ನ ಯೂನಿಕೋಡ್ ಫಾಂಟ್‌ಗೆ ಹಾಗೇ ಹಾಕೋಕಾಗಲ್ಲ, ಗೋಜಲಾಗುತ್ತೆ. ಪರಿವರ್ತಕದಲ್ಲಿ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತು ಇರುವ ಪದಗಳನ್ನ ಕಣ್ಣಿಟ್ಟು ನೋಡಬೇಕು. ಎರಡನೆಯದು, ಇನ್‌ಡಿಸೈನ್ ಬಳಸೋರು ಪ್ಯಾರಾಗ್ರಾಫ್ ಆಯ್ಕೆಯಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ಇಲ್ಲದಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತೆ. ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ಓದೋ ಭಾಗಕ್ಕೆ ನೋಟೋ ಸೆರಿಫ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ, ಎರಡೂ ಉಚಿತ. ಎರಡೇ ಫಾಂಟ್ ಸಾಕು. ನಾವು ಮೊದಲ ಸಂಚಿಕೆಯಲ್ಲಿ ಏಳು ಬಳಸಿದ್ವಿ!

ನಾಲ್ಕನೆಯದು ಬಣ್ಣ ಮತ್ತು ಚಿತ್ರ. ಪರದೆಯ ಮೇಲಿನ ಬಣ್ಣ ಬೇರೆ, ಅಚ್ಚಿನ ನಾಲ್ಕು ಶಾಯಿಯ ಬಣ್ಣ ಬೇರೆ. ಮಿಂಚುವ ನೀಲಿ ಕಾಗದದ ಮೇಲೆ ಮಂಕಾಗುತ್ತೆ. ಒಂದು ಮುಖ್ಯ ಬಣ್ಣ ಆರಿಸಿ, ಎಲ್ಲ ಸಂಚಿಕೆಗೂ ಅದನ್ನೇ ಉಳಿಸಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಬೇಕೇ ಬೇಕಾದ್ರೆ ಶೀರ್ಷಿಕೆಗೆ ಮಾತ್ರ. ಶಾಯಿ ಹರಡಿ ಸಣ್ಣ ಬಿಳಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತೆ. ಚಿತ್ರ ಅಚ್ಚಾಗುವ ಗಾತ್ರದಲ್ಲಿ ಇಂಚಿಗೆ 300 ಚುಕ್ಕಿ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದ್ರೆ ಗುಣಮಟ್ಟ ಇಳಿಯುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

ಕೊನೆಯದು ಬರಹದ ಶೈಲಿ. ಶೈಲಿ ಅಂದ್ರೆ ನೋಟ ಮಾತ್ರ ಅಲ್ಲ. ‘ಹಾರ್ಮೋನಿಯಂ’ ಬರೀಬೇಕೋ ‘ಹಾರ್ಮೋನಿಯಮ್’ ಬರೀಬೇಕೋ? ‘ತಬಲ’ವೋ ‘ತಬಲಾ’ವೋ? ಕಲಾವಿದರನ್ನ ಪಂಡಿತ್, ಉಸ್ತಾದ್ ಅಂತ ಪ್ರತಿ ಸಲ ಬರೀಬೇಕಾ, ಮೊದಲ ಸಲ ಮಾತ್ರವಾ? ಹಾಗೆ ಬರೆದರೆ, ಅದೇ ವಯಸ್ಸಿನ ಜಾನಪದ ಗಾಯಕಿಯನ್ನ ಬರೀ ಹೆಸರಿನಿಂದ ಕರೆಯೋದು ನ್ಯಾಯವಾ? ನಾವು ‘ಅವರು’ ಅಂತ ಎಲ್ಲರಿಗೂ ಒಂದೇ ಬಹುವಚನ ಇಟ್ಟುಕೊಂಡ್ವಿ, ಬಿರುದು ಮೊದಲ ಸಲ ಮಾತ್ರ. ಒಂದು ಪುಟದಲ್ಲಿ ಇದನ್ನೆಲ್ಲ ಬರೆದು ಗೋಡೆಗೆ ಅಂಟಿಸಿದ್ವಿ. ಹಾಡಿನ ಸಾಹಿತ್ಯ ಪೂರ್ತಿ ಅಚ್ಚು ಹಾಕೋ ಮೊದಲು ಹಕ್ಕು ಯಾರದ್ದು ಅಂತ ನೋಡಿ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ.

ಇಷ್ಟೆಲ್ಲ ಆದ ಮೇಲೆ ಒಂದು ಪರೀಕ್ಷೆ. ಒಂದೇ ಒಂದು ಪುಟವನ್ನ ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆದು, ಅರವತ್ತು ದಾಟಿದ ಒಬ್ಬರ ಕೈಗೆ ಕೊಡಿ. ಸುಮ್ಮನೆ ನಿಂತು ನೋಡಿ. ಹಾಳೆಯನ್ನ ದೂರ ಹಿಡಿದರೆ ಅಕ್ಷರ ದೊಡ್ಡದಾಗಬೇಕು, ಅಷ್ಟೇ.

ಎರಡನೇ ಸಂಚಿಕೆಯಲ್ಲಿ ಅದೇ ಸಂದರ್ಶನವನ್ನ ಮತ್ತೆ ಅಚ್ಚು ಹಾಕಿದ್ವಿ, ಬಿಳಿ ಹಾಳೆ, ಕಪ್ಪು ಅಕ್ಷರ, ಗುರುಗಳ ಹೆಸರು ಪೂರ್ತಿಯಾಗಿ. ತಗೊಂಡು ಹೋಗಿ ಕೊಟ್ಟಾಗ ಅವರು ಕನ್ನಡಕ ಹಾಕ್ಕೊಂಡು ತಾವೇ ಓದಿದರು. ಇಪ್ಪತ್ತು ನಿಮಿಷ ಆಯ್ತು, ನಾವು ಮಾತಾಡಲಿಲ್ಲ. ಆಮೇಲೆ ತಲೆ ಎತ್ತಿ, ‘ಝಪತಾಲಕ್ಕ ಹನ್ನೆರಡು ಮಾತ್ರಿ ಅಂತ ಬರದೀರಲ್ಲೋ! ಹತ್ತು. ಹನ್ನೆರಡು ಏಕತಾಲಕ್ಕ’ ಅಂದರು.

ಆ ತಪ್ಪು ಮೊದಲ ಸಂಚಿಕೆಯಲ್ಲೂ ಇತ್ತು. ಓದೋಕೆ ಆಗದೇ ಇದ್ದಿದ್ದರಿಂದ ಯಾರಿಗೂ ಸಿಕ್ಕಿರಲಿಲ್ಲ. ಮೂರನೇ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ವಿ, 11 ಪಾಯಿಂಟ್‌ನಲ್ಲೇ.

ನಿಮ್ಮ ಕಾಲೇಜಿನಲ್ಲೂ ಇಂಥ ಪತ್ರಿಕೆ ಶುರುವಾಗಲಿ.